ತಡವಾಗಿ ಬೀಳುವ ಎಡಗಾಲು

ದೀಪ ಆರುತ್ತಲೇ ಅಕ್ಕ ಕಣ್ಣು ಮುಚ್ಚಿಕೊಂಡಳು. ಸಿನಿಮಾಕ್ಕೆ ಬಂದವರು ಮಾಡುವ ಕೆಲಸವಲ್ಲ ಅದು. ಆದರೆ ಅಕ್ಕ ಬಂದದ್ದು ನೋಡುವುದಕ್ಕಲ್ಲ, ಕೇಳುವುದಕ್ಕೆ; ನಿಜ ಹೇಳಬೇಕೆಂದರೆ, ಕೇಳಿ ತಪ್ಪು ಹುಡುಕುವುದಕ್ಕೆ. ಪಕ್ಕದ ಕುರ್ಚಿಯಲ್ಲಿ ತಂಗಿ ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವಳ ಹಾಗೆ ಕೂತಿದ್ದಳು.

ಪರದೆಯ ಮೇಲಿದ್ದದ್ದು ಎರಡನೇ ಭಾಗ. ಅದರ ಮೊದಲ ಸಿನಿಮಾ ಗೊತ್ತಿಲ್ಲದವರು ಆ ಊರಿನಲ್ಲಿ ಇರಲಿಲ್ಲ. ಆರು ಹಾಡು, ಆರು ಕುಣಿತ. ಇಪ್ಪತ್ತಾರು ವರ್ಷಗಳಿಂದ ಇದೇ ಚಿತ್ರಮಂದಿರದಲ್ಲಿ ಶನಿವಾರ ಮಧ್ಯಾಹ್ನ ಅಭಿಮಾನಿಗಳು ಸೇರಿ, ತಾವೂ ಹಾಡುತ್ತ, ನಾಯಕಿಯ ಜೊತೆಜೊತೆಗೇ ನೆಲ ಕುಟ್ಟುತ್ತ ಅದನ್ನು ನೋಡುತ್ತಿದ್ದರು. ಆದರೆ ಆ ಹೆಜ್ಜೆಯ ಸದ್ದು ನಾಯಕಿಯದಲ್ಲ, ಅಕ್ಕನದು. ಸ್ಟುಡಿಯೋದಲ್ಲಿ ಶೂ ಹಾಕಿಕೊಂಡು, ಪರದೆ ನೋಡುತ್ತ, ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಕುಟ್ಟಿ ಕೊಟ್ಟವಳು ಅವಳು. ಚಿಕ್ಕಂದಿನಲ್ಲಿ ಕಣಕಾಲು ಮುರಿದಿದ್ದರಿಂದ ಅವಳ ಎಡಗಾಲು ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು. ಆ ತಡವೇ ಜನರಿಗೆ ಹುಚ್ಚು ಹಿಡಿಸಿತ್ತು.

ಎರಡನೇ ಭಾಗಕ್ಕೆ ಕರೆ ಬಂದಾಗ ಅಕ್ಕ ಅದೇ ಕಣಕಾಲಿಗೆ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ಅವಳ ಬದಲು ತಂಗಿ ಹೋದಳು. ಸಿನಿಮಾ ಒಂದೇ ವಾರಕ್ಕೆ ಮಕಾಡೆ ಮಲಗಿದಾಗ ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಾಲು ನೆಟ್ಟಗಾಗಿ ಆ ತಡವೂ ಹೋಯಿತು, ಹೊಟ್ಟೆಯ ಉರಿ ಮಾತ್ರ ಆರಲಿಲ್ಲ. ತಂಗಿಯ ಮನೆಗೆ ಹೋಗಿ ಬರುವುದನ್ನೂ ನಿಲ್ಲಿಸಿಬಿಟ್ಟಳು. ಈಗ ಎಲ್ಲೋ ಒಂದು ಪ್ರತಿ ಸಿಕ್ಕಿ, ಅಭಿಮಾನಿಗಳ ಸಂಘ ಆ ಸಿನಿಮಾ ತೋರಿಸುತ್ತಿತ್ತು. ಇದು ಮೊದಲನೆಯದರ ಸಮಕ್ಕೆ ಬರುತ್ತದೋ ಇಲ್ಲವೋ ಎಂದು ಅಕ್ಕನೇ ವೇದಿಕೆ ಹತ್ತಿ ಹೇಳಬೇಕಂತೆ. ಅವಳು ಹೂಂ ಎಂದರೆ ಶನಿವಾರದ ಆಟಕ್ಕೆ ಇದೂ ಸೇರುತ್ತದೆ, ಬಾಗಿಲ ಬಳಿಯ ಫಲಕದಲ್ಲಿ ಅವಳ ಹೆಸರಿನ ಪಕ್ಕ ತಂಗಿಯ ಹೆಸರೂ ಬರುತ್ತದೆ.

"ಹಿಮ್ಮಡಿ ಸದ್ದು ಜಾಸ್ತಿಯಾಯ್ತು," ಅಕ್ಕ ಪಿಸುಗುಟ್ಟಿದಳು.

"ಹೂಂ," ಎಂದಳು ತಂಗಿ.

"ಮೆಟ್ಟಿಲು ಇಳಿಯೋದು ಮೂಟೆ ಉರುಳಿಸಿದ ಹಾಗಿದೆ."

"ಹೌದಕ್ಕಾ, ಅದು ಸರಿ ಬರಲಿಲ್ಲ."

ತಂಗಿ ಒಪ್ಪಿಕೊಂಡಷ್ಟೂ ಅಕ್ಕನಿಗೆ ರೇಗುತ್ತಿತ್ತು. ಕಾಲು ಕೆರೆದುಕೊಂಡು ಜಗಳಕ್ಕೆ ಬಂದವಳ ಮುಂದೆ ಹೀಗೆ ತಲೆ ಬಗ್ಗಿಸಿ ಕೂತರೆ ಏನು ಮಾಡುವುದು?

ಕೊನೆಯ ಕುಣಿತ ಬಂತು. ಖಾಲಿ ಗೋದಾಮಿನಲ್ಲಿ ನಾಯಕಿ ಒಬ್ಬಳೇ. ನಾಲ್ಕು ಹೆಜ್ಜೆ ಕೇಳುವಷ್ಟರಲ್ಲಿ ಅಕ್ಕ ತಟ್ಟನೆ ಕಣ್ಣು ಬಿಟ್ಟಳು. ಬಲಗಾಲು, ಒಂದಿಷ್ಟೇ ಇಷ್ಟು ತಡೆದು ಎಡಗಾಲು. ಇಡೀ ಸಭಾಂಗಣ ತಾನಾಗಿಯೇ ನೆಲ ಕುಟ್ಟತೊಡಗಿತು. ಇದು ನನ್ನದು, ಎಂದುಕೊಂಡಳು ಅಕ್ಕ. ಎಷ್ಟೋ ವರ್ಷಗಳ ಮೇಲೆ ಎದೆ ಹಗುರಾಯಿತು.

ವೇದಿಕೆಯ ಮೇಲೆ ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. "ಸಮಕ್ಕೆ ಬರುತ್ತಾ ಅಂದ್ರೆ, ಇಲ್ಲ. ಆದ್ರೆ ಆ ಕೊನೇ ಕುಣಿತ ಇದೆಯಲ್ಲ, ಅದು ಅಪ್ಪಟ ಚಿನ್ನ. ಯಾಕಂದ್ರೆ ಅದು ನನ್ನ ಹೆಜ್ಜೆ. ಹಳೇ ರೀಲಿಂದ ಕತ್ತರಿಸಿ ಅಂಟಿಸಿದ್ದಾರೆ."

ಚಪ್ಪಾಳೆಯೋ ಚಪ್ಪಾಳೆ. ಮೂರನೇ ಸಾಲಿನಲ್ಲಿ ತಂಗಿಯೂ ತಟ್ಟುತ್ತಿದ್ದಳು.

ಹೊರಗೆ ಮಹಡಿಯ ಪಡಸಾಲೆಯಲ್ಲಿ ಅಕ್ಕ ಅವಳನ್ನು ಹಿಡಿದಳು. "ಅದು ನಂದು ಅಂತ ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ಹೇಳಿದ್ಯಾ?"

"ಅಕ್ಕಾ, ಕೊನೇ ಕುಣಿತ ಏಳರ ತಾಳ," ತಂಗಿ ಮೆಲ್ಲಗೆ ಹೇಳಿದಳು. "ಮೊದಲನೇ ಸಿನಿಮಾದಲ್ಲಿ ಏಳರ ತಾಳ ಎಲ್ಲಿತ್ತು?"

ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. ಏಳೇ. ಮೊದಲನೆಯದರಲ್ಲಿ ಆರೂ ಕುಣಿತ ನಾಲ್ಕರ ತಾಳದವು. ಕೂದಲೆಳೆಯಷ್ಟು ತಡವನ್ನು ಹಿಡಿದ ಕಿವಿ ತಾಳವನ್ನೇ ಎಣಿಸಿರಲಿಲ್ಲ.

"ಮತ್ತೆ ಎಡಗಾಲು?"

"ನಾಯಕಿ ಅವಳೇ ಅಂದಮೇಲೆ ಕಾಲೂ ಅದೇ ಆಗಬೇಕಲ್ಲ. ನಿನ್ನ ಹಸಿರು ಕೋಟಿನ ಗುಂಡಿ ಒಂದು ಕಿತ್ತು ಬಿದ್ದಿತ್ತು. ಎಡಗಾಲಿನ ಶೂ ಒಳಗೆ ಅದನ್ನ ಇಟ್ಕೊಂಡು ಮೂರು ತಿಂಗಳು ಓಡಾಡಿದೆ. ಐದು ಕುಣಿತ ಕೆಟ್ಟುಹೋಯ್ತು. ಕೊನೇದರ ಹೊತ್ತಿಗೆ ಕಾಲಿಗೆ ಬಂತು."

"ಒಳಗೇ ಎದ್ದು ನಿಂತು ಹೇಳೋದಲ್ವೇನೇ!"

"ನನ್ನ ಕೆಲಸನ ನೀನು ಚಿನ್ನ ಅಂದಿದ್ದು ಇದೇ ಮೊದಲು," ಎಂದಳು ತಂಗಿ. "ಅಷ್ಟು ಸಾಕು. ಬರ್ತೀನಕ್ಕಾ, ಬಸ್ಸಿಗೆ ಹೊತ್ತಾಯ್ತು."

ಅವಳು ಅತ್ತ ಹೋಗುತ್ತಲೇ ಸಂಘದ ಕಾರ್ಯದರ್ಶಿ ಹೊಸ ಫಲಕವನ್ನೂ ಬಣ್ಣದ ಪೆನ್ನನ್ನೂ ಹಿಡಿದು ಓಡೋಡಿ ಬಂದ. "ಮೇಡಂ, ನಿಮ್ಮ ಹೆಜ್ಜೆ ಇದೆ ಅಂದಮೇಲೆ ಇನ್ನೇನು? ಮುಂದಿನ ಶನಿವಾರದಿಂದ ಎರಡೂ ಸಿನಿಮಾ. ಇದರ ಮೇಲೂ ನಿಮ್ಮ ಹೆಸರೇ ಬರೀಲಾ?"

ಹೂಂ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮರದ ಮೆಟ್ಟಿಲಿನಿಂದ ಸದ್ದು ಕೇಳಿಸಿತು. ಬಲಗಾಲು, ಒಂದಿಷ್ಟೇ ಇಷ್ಟು ತಡೆದು ಎಡಗಾಲು. ತಂಗಿ ಇಳಿಯುತ್ತಿದ್ದಳು, ಚಪ್ಪಲಿಯಲ್ಲಿ. ಅದರಲ್ಲಿ ಯಾವ ಗುಂಡಿಯೂ ಇರಲಿಲ್ಲ.

ಅಕ್ಕ ತನ್ನ ನೆಟ್ಟಗಿನ ಕಾಲುಗಳನ್ನು ನೋಡಿಕೊಂಡಳು. ತನ್ನನ್ನು ಬಿಟ್ಟುಹೋದ ಆ ತಡ ಹೋಗಿ ಹೋಗಿ ಇವಳಲ್ಲೇ ಮನೆ ಮಾಡಬೇಕೆ? ಹೊಟ್ಟೆ ಧಗಧಗ ಉರಿಯಿತು.

"ಕೆಳಗೆ ಇಳೀತಿದ್ದಾಳಲ್ಲ ನನ್ನ ತಂಗಿ, ಅವಳನ್ನ ಕರ್ಕೊಂಡು ಬನ್ನಿ," ಎಂದಳು. "ಬರೀಬೇಕಾಗಿರೋದು ಅವಳ ಹೆಸರು."

"ಈಗಲೇನಾ ಮೇಡಂ?"

"ಈಗಲೇ. ಓಡ್ರಿ, ನನ್ನ ಮನಸ್ಸು ಬದಲಾಗೋಕೆ ಮುಂಚೆ."