ರೂಟರಿಗೆ ಕೈ ಹಚ್ಚಿದವರು

"ಕೈ ತಗೀ!"

ರಾಚಯ್ಯನ ಕೂಗಿಗೆ ಬ್ಯಾಂಕಿನ ಸರ್ವರ್ ಕೋಣೆಯ ಎ.ಸಿ. ಕೂಡ ಬೆವರಿದಂತಾಯಿತು. ಚಹಾಕ್ಕೆಂದು ಹೊರಟವನು ಅನುಮಾನ ಬಂದು ಅರ್ಧ ದಾರಿಯಿಂದಲೇ ತಿರುಗಿದ್ದ. ಅನುಮಾನ ಸುಳ್ಳಾಗಲಿಲ್ಲ. ಹೊಸ ರೂಟರಿನ ಮುಂದೆ ಸವಿತಾ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಬೆರಳುದ್ದದ ಬಾಟಲಿ, ಇನ್ನೊಂದರಲ್ಲಿ ಹತ್ತಿ ಸುತ್ತಿದ ಕಡ್ಡಿ.

"ಏನವ್ವಾ ಅದು, ಆ್ಯಸಿಡ್ಡ?"

"ಹೇಳಿದ್ರ ನೀವು ಕೇಳಾಂಗಿಲ್ರಿ, ಸ್ವಾಮ್ಯಾರ. ಅದಕ್ಕ ನೀವು ಇಲ್ಲದಾಗ ಬಂದೆ."

ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಬೇಕೆ? ರಾಚಯ್ಯ ಬಾಟಲಿ ಕಸಿದುಕೊಂಡ.

ಬಾಗಲಕೋಟೆಯ ಸಹಕಾರಿ ಬ್ಯಾಂಕು, ಇಳಕಲ್ಲಿನ ಸಹಕಾರಿ ಬ್ಯಾಂಕು ಈಚೆಗೆ ವಿಲೀನವಾಗಿದ್ದವು. ವಿಲೀನವಾಗಿದ್ದವು, ಲೀನವಾಗಿರಲಿಲ್ಲ. ಸಹಕಾರ ಕಾಗದದ ಮೇಲಿತ್ತು, ಖಾರ ಕೋಣೆಯೊಳಗಿತ್ತು. ಈ ಗೋಡೆಗೆ ಬಾಗಲಕೋಟೆಯ ಲೆಕ್ಕಪತ್ರ ತುಂಬಿದ ಡಿಸ್ಕುಗಳು, ರಾಚಯ್ಯನ ಸುಪರ್ದಿ. ಆ ಗೋಡೆಗೆ ಇಳಕಲ್ಲಿನವು, ಸವಿತಾಳ ಸುಪರ್ದಿ. ಒಂದೊಂದಕ್ಕೂ ಅದರದೇ ಜಾಲ. ಕಸುಬಿನವರು ಅದಕ್ಕೆ ಫ್ಯಾಬ್ರಿಕ್ ಅನ್ನುತ್ತಾರೆ. ಹೆಸರು ಬಟ್ಟೆಯದು, ಕೆಲಸ ಮಾನ ತೆಗೆಯುವುದು.

ಎರಡು ಜಾಲಗಳನ್ನು ನೇರ ಬೆಸೆದರೆ ಒಂದರ ಗುರುತು ಇನ್ನೊಂದಕ್ಕೆ ಬಡಿದು ಎರಡೂ ಕೆಟ್ಟು ಕೂರುತ್ತವೆ. ಅದಕ್ಕೇ ನಡುವೆ ರೂಟರ್. ಅದಕ್ಕೊಂದು ಕಟ್ಟುಪಾಡು. ಯಾವ ಯಂತ್ರ ಯಾವ ಡಿಸ್ಕನ್ನು ನೋಡಬಹುದೆಂದು ಇಬ್ಬರೂ ತಂತಮ್ಮ ಕಡೆ ಒಂದೇ ರೀತಿ ಬರೆಯಬೇಕು. ಆಗ ಮಾತ್ರ ಆ ಎರಡರ ನಡುವೆ ದಾರಿ. ಒಬ್ಬರು ಅಳಿಸಿದರೆ ದಾರಿ ಬಂದ್. ಜಗಳಗಂಟರಿಗೆ ಇದಕ್ಕಿಂತ ಒಳ್ಳೆಯ ಆಟಿಕೆ ಇನ್ನೊಂದಿಲ್ಲ.

ದಾರಿ ಸರಿಹೋದ ಮೇಲೆ ಇಡೀ ಕೋಣೆಗೆ ಒಬ್ಬರೇ ಮುಖ್ಯಸ್ಥರು ಎಂದು ಜನರಲ್ ಮ್ಯಾನೇಜರ್ ಗುರಪ್ಪ ಹೇಳಿಬಿಟ್ಟಿದ್ದರು. ಇನ್ನೊಬ್ಬರಿಗೆ ಕುಳಗೇರಿ ಕ್ರಾಸ್ ಶಾಖೆ. ಅಲ್ಲಿ ಇರುವುದು ಒಂದು ಎಟಿಎಂ, ಒಂದು ಫ್ಯಾನು, ಹೊರಗೆ ಹಗಲಿಡೀ ಹಾರನ್ನು.

ರೂಟರ್ ಕೂರಿಸಿದ ದಿನ ಹುಬ್ಬಳ್ಳಿಯಿಂದ ಬಂದ ಕಂಪನಿಯ ನಜೀರಸಾಬ ತನ್ನ ಕೈಯಾರೆ ಕೇಬಲ್ ಹಾಕಿದ. ದಾರಿ ತೆರೆಯಿತು. ಇಳಕಲ್ಲಿನ ಖಾತೆಗಳು ಬಾಗಲಕೋಟೆಯ ಪರದೆಯಲ್ಲಿ ಕಂಡವು. ಮರುದಿನ ಬೆಳಿಗ್ಗೆ ದಾರಿ ಸತ್ತಿತ್ತು. ಅಂದಿನಿಂದ ಅದೇ ಗೋಳು. ಉಸಿರಾಡಿದಂತೆ ಮಾಡುವುದು, ಮತ್ತೆ ಕಣ್ಣು ಮುಚ್ಚುವುದು.

ಕಾರಣ ರಾಚಯ್ಯನಿಗೆ ಗೊತ್ತಿತ್ತು. ಕಾರಣದ ಹೆಸರು ಸವಿತಾ. ಅದಕ್ಕೇ ಅವನ ಬಂದೋಬಸ್ತು ಮೊದಲ ಸಂಜೆಯಿಂದಲೇ ಶುರುವಾಗಿತ್ತು. ಮನೆಗೆ ಹೊರಡುವಾಗ ತನ್ನ ಕಡೆಯ ಕೇಬಲ್ ಕಿತ್ತು, ಸುತ್ತಿ, ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದ. ಚಾವಿ ಉಡದಾರಕ್ಕೆ. ಬೆಳಿಗ್ಗೆ ಬಂದು, ಅದೇ ಡ್ರಾಯರಿನ ವಿಭೂತಿ ಗಟ್ಟಿಯಿಂದ ಹಣೆಗೆ ಮೂರು ಗೆರೆ ಎಳೆದು, ಬಸವಣ್ಣನನ್ನು ನೆನೆದು, ತಾನೇ ಕೇಬಲ್ ಚುಚ್ಚುತ್ತಿದ್ದ. ಬೇರೆಯವರ ನೆರಳೂ ಅದಕ್ಕೆ ಸೋಕಬಾರದು.

ಇಷ್ಟಾದರೂ ದಾರಿ ಕೆಡುತ್ತಿತ್ತೆಂದರೆ, ಆ ಹೆಣ್ಣು ತನ್ನ ಕಡೆ ಬರೆದದ್ದನ್ನು ಅಳಿಸುತ್ತಿರಲೇಬೇಕು.

"ನಾ ಬರದದ್ದು ಬರದಂಗ ಐತ್ರಿ," ಎಂದು ಸವಿತಾ ಪರದೆ ತಿರುಗಿಸಿ ತೋರಿಸಿದ್ದಳು. "ನಿಮ್ಮ ಕಡಿಂದನ ಬೆಳಕ ಬರವಲ್ದು."

"ನಮ್ಮ ತಲ್ಯಾಗ ಬೆಳಕಿಲ್ಲ ಅಂತೀಯೇನು? ಇದು ನಿಮ್ಮ ಮನಿ ಮಗ್ಗ ಅಲ್ಲವ್ವಾ."

"ಮಗ್ಗ ಆಗಿದ್ರ ಇಷ್ಟೊತ್ತಿಗೆ ಕೂಡಿರತಿತ್ರಿ. ಸೀರಿ ಮೈಗೆ ಸೆರಗಿನ ಎಳಿ ಕೊಂಡಿ ಹಾಕೂ ಮುಂದ ನಮ್ಮವ್ವ ಮೊದಲ ಕೈ ತೊಳಕೋತಾಳ."

ಅಂದರೆ ತನ್ನ ಕೈ ಹೊಲಸು! ರಾಚಯ್ಯ ಆ ಮಾತನ್ನು ಎದೆಯಲ್ಲಿಟ್ಟುಕೊಂಡಿದ್ದ. ಇವತ್ತು ಬಡ್ಡಿ ಸಮೇತ ವಸೂಲಿಗೆ ಕಾಲ ಬಂತು. ಬಾಟಲಿ ಹಿಡಿದು ಸೀದಾ ಗುರಪ್ಪನವರ ಮೇಜಿಗೆ ಹೋದ.

"ಸಾಹೇಬ್ರ, ಸಾಕ್ಷಿ ಇಲ್ಲೈತಿ. ನಜೀರಸಾಬನ್ನ ಕರಸ್ರಿ. ಯಾರ ಕೈಯಿಂದ ಕೆಟ್ಟೈತಿ ಅಂತ ಅವನ ಹೇಳ್ಲಿ. ಆ ಕೈ ನಾಳೆ ಕುಳಗೇರಿ ಕ್ರಾಸಿನಾಗ ಇರಬೇಕು. ದಯಾ ದಾಕ್ಷಿಣ್ಯ ಬ್ಯಾಡ."

"ಖರೇನ? ಆಮ್ಯಾಲ ಪಾಪ ಅನಬಾರ್ದು," ಎಂದರು ಗುರಪ್ಪ.

"ಪಾಪ ಅನ್ನಾಕ ನಾ ಏನು ಅಕಿ ಅಣ್ಣೇನ್ರಿ?"

ಸವಿತಾಳನ್ನು ಕೇಳಿದರು. ಅವಳು, "ನಂದೂ ಒಪ್ಪಿಗಿ ಐತ್ರಿ," ಎಂದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಎಂಥ ಗಟ್ಟಿಗಿತ್ತಿ ಎಂದು ರಾಚಯ್ಯ ಹಲ್ಲು ಕಡಿದ.

ಮರುದಿನ ನಜೀರಸಾಬ ಬಂದ. ಗುರಪ್ಪ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತರು. ನಜೀರಸಾಬ ಸವಿತಾಳ ಕಡೆ ಬರೆದದ್ದನ್ನು ನೋಡಿದ: ಸರಿ ಇತ್ತು. ರಾಚಯ್ಯನ ಕಡೆಯದನ್ನು ನೋಡಿದ: ಅದೂ ಸರಿ ಇತ್ತು. ತಲೆ ಕೆರೆದುಕೊಂಡು, ರಾಚಯ್ಯ ಆಗಷ್ಟೇ ಚುಚ್ಚಿದ್ದ ಕೇಬಲನ್ನು ಹೊರಗೆಳೆದ.

"ಇದರ ತುದಿಗೆ ರಬ್ಬರ್ ಟೊಪಗಿ ಇತ್ತಲ್ರಿ?"

"ಎಲ್ಲೋ ಬಿತ್ತು. ವಾಯರಿಗೆ ಟೊಪಗಿ ಯಾಕ, ಅದೇನು ಮದಿಮಗನ?" ರಾಚಯ್ಯ ನಕ್ಕ. ಬೇರೆ ಯಾರೂ ನಗಲಿಲ್ಲ.

"ತಾಮ್ರದ ವಾಯರ್ ಅಲ್ರಿ ಇದು. ಕೂದಲಕ್ಕಿಂತ ಸಣ್ಣ ಗಾಜಿನ ಎಳಿ. ಇದರಾಗ ಹರಿಯೂದು ಕರೆಂಟಲ್ಲ, ಬೆಳಕು."

ಚೀಲದಿಂದ ಪೆನ್ನಿನಂಥ ಸೂಕ್ಷ್ಮದರ್ಶಕ ತೆಗೆದು ಕೇಬಲಿನ ತುದಿಗೆ ಹಿಡಿದ. ಕಣ್ಣು ಕಿರಿದಾಯಿತು. ಸೂಕ್ಷ್ಮದರ್ಶಕವನ್ನು ಗೋಡೆಯ ದೊಡ್ಡ ಪರದೆಗೆ ಜೋಡಿಸಿದ.

"ಅದ ನೋಡ್ರಿ! ತೋರಸ್ರಿ ಎಲ್ಲಾರಿಗೂ," ಎಂದ ರಾಚಯ್ಯ. "ಅಕಿ ಏನ ಹಚ್ಚ್ಯಾಳಂತ ಸಾಹೇಬ್ರೂ ನೋಡ್ಲಿ."

ನಜೀರಸಾಬ ಪರದೆಯಿಂದ ಕಣ್ಣು ತೆಗೆಯದೆ ಗುರಪ್ಪನವರತ್ತ ಕೈ ಚಾಚಿದ. "ಸವಿತಾ ಅಕ್ಕಾರ ಬಾಟಲಿ ಇತ್ತ ಕೊಡ್ರಿ, ಸಾಹೇಬ್ರ. ಒರಸೂ ಸ್ಪಿರಿಟ್ ಅದು."

ಪರದೆಯ ಮೇಲೆ ರೊಟ್ಟಿಯಗಲ ಮೂಡಿದ ಗಾಜಿನ ತುದಿಯ ತುಂಬ ಬೆಳ್ಳನೆಯ ಬೂದಿ. ಗುರಪ್ಪ ಒಮ್ಮೆ ಅದನ್ನು ನೋಡಿದರು, ಒಮ್ಮೆ ರಾಚಯ್ಯನ ಹಣೆ ನೋಡಿದರು.