ಮೀನಲಳ ತಾಟು

ಒಂದೂರಿನಲ್ಲಿ ಒಬ್ಬ ತಾಯಿ, ಅವಳಿಗೆ ಒಬ್ಬಳೇ ಮಗಳು. ಮಗಳಿಗೊಂದು ಆಸೆ, ಅದಕ್ಕೆ ತಾಯಿ ಕೊಟ್ಟ ಮಾತೊಂದು. ಅಜ್ಜಿ ಹೇಳುವ ಕಥೆಯಾಗಿದ್ದರೆ ಆ ಮಾತು ನಡೆಸಲು ಏಳು ಸಮುದ್ರ ದಾಟಬೇಕಿತ್ತು, ರಾಕ್ಷಸನ ತೋಟದ ಹಣ್ಣು ಕಿತ್ತು ತರಬೇಕಿತ್ತು. ಇಲ್ಲಿ ಗುಂಜೋಟಿಯಲ್ಲಿ ಬಸ್ಸು ಹತ್ತಿ ಉಮರ್ಗಾದಲ್ಲಿ ಇಳಿದರೆ ಸಾಕಿತ್ತು. ಕಸ್ತೂರಬಾಯಿ ಆ ಬಸ್ಸು ಹತ್ತಿದ್ದು ಮಗಳು ಮೀನಲ ತೀರಿಕೊಂಡ ಹನ್ನೊಂದನೆಯ ದಿನ, ಮನೆತನದ ಜಂಗಮ ಅಯ್ಯನವರಾದ ಅಮರಯ್ಯನವರನ್ನು ಜೊತೆಗೆ ಕರೆದುಕೊಂಡು.

ಇಟಾಲಿಯನ್ ಹೋಟೆಲಿನ ಗಾಜಿನ ಬಾಗಿಲ ಮುಂದೆ ಅಮರಯ್ಯನವರು ನಿಂತುಬಿಟ್ಟರು. ಹೆಗಲಲ್ಲಿ ಜೋಳಿಗೆ, ಕೈಯಲ್ಲಿ ಮನೆಯಿಂದ ತಂದ ನೀರಿನ ತಂಬಿಗೆ. ಎಪ್ಪತ್ತು ವರ್ಷದಲ್ಲಿ ಅವರು ಹೋಟೆಲಿನ ಚಹಾ ಕೂಡ ಕುಡಿದವರಲ್ಲ.

"ಸತ್ತವರಿಗಿ ಏನು ಸೇರ್ತಿತ್ತೋ ಅದನ್ನ ಅಯ್ಯಾಗ ಉಣಸಬೇಕು, ಖರೆ ಅದ ತಂಗಿ. ಆದ್ರ ಮನ್ಯಾಗ. ಪಾರ್ಸಲ್ ಅಂತಾರಲ್ಲ, ಅದನ್ನ ಕಟ್ಟಿಸ್ಕೊಂಡು ಹೋಗೋಣ ನಡಿ."

"ಆಕಿ ಪಾರ್ಸಲ್ ಬ್ಯಾಡ ಅಂತಿದ್ಳರಿ ಅಯ್ನೋರ. 'ಅವ್ವಾ, ಅಲ್ಲೇ ಕುಂತು ತಿನಬೇಕು' ಅಂತಿದ್ಳು. ದಸರಾ ಆಗ್ಲಿ, ಕರ್ಕೊಂಡು ಹೋಗ್ತೀನಿ ಅಂತ ನಾ ಮಾತು ಕೊಟ್ಟಿದ್ದೆ."

ದಸರೆಗೆ ನಾಲ್ಕು ದಿನ ಇರುವಾಗ ಜ್ವರ ಬಂದಿತ್ತು. ದಸರೆಯ ದಿನ ಹೊಲದ ಬದುವಿನ ಬಳಿ ಮೀನಲಳನ್ನು ಕೂರಿಸಿ ಮಣ್ಣು ಕೊಟ್ಟಿದ್ದರು. ಅವಳು ಹುಟ್ಟಿದಾಗ ಲಿಂಗ ಕಟ್ಟಿದ್ದು ಅಮರಯ್ಯನವರ ಕೈ. ಕೊನೆಗೆ ಹಣೆಗೆ ವಿಭೂತಿ ಹಚ್ಚಿದ್ದೂ ಅದೇ ಕೈ. ಅವರು ಚಪ್ಪಲಿ ಕಳಚಿ ಬಾಗಿಲ ಹೊರಗೆ ಬಿಟ್ಟರು. ಅಲ್ಲಿ ಬೇರೆ ಯಾರ ಚಪ್ಪಲಿಯೂ ಇರಲಿಲ್ಲ.

"ಯಾ ಕಾಕು, ಬಸಾ," ಎಂದು ಹಣದ ಗಲ್ಲೆಯಲ್ಲಿದ್ದ ಮಾಲೀಕ ನಂದಕುಮಾರ ಮರಾಠಿಯಲ್ಲಿ ಕೂರಲು ಹೇಳಿದ. "ಏನ್ ಕೊಡ್ಲಿರಿ?"

"ಬಿಳೀ ಪಾಸ್ತಾ. ಒಂದೇ ತಾಟು. ತತ್ತಿ-ಗಿತ್ತಿ ಇರಬಾರದು ನೋಡ್ರಿ."

"ಎಲ್ಲಾ ಶುದ್ಧ ಶಾಕಾಹಾರಿ ಅದ ಕಾಕು. ಹೆಸರು ಹೇಳ್ರಿ, ಆದ ಮ್ಯಾಲ ಕೂಗ್ತೀನಿ, ಬಂದು ಒಯ್ಯಿರಿ."

ಕಸ್ತೂರಬಾಯಿ ತನ್ನ ಹೆಸರು ಹೇಳಲೆಂದೇ ಬಾಯಿ ತೆರೆದಳು. "ಮೀನಲ," ಎಂದಳು.

ಕಿಟಕಿಯ ಪಕ್ಕದಲ್ಲಿ ಕೂತರು. ಅಮರಯ್ಯನವರ ಕಾಲು ನೆಲಕ್ಕೆ ಮುಟ್ಟಲಿಲ್ಲ. "ಈ ಖುರ್ಚಿ ಏನಿಷ್ಟು ಎತ್ತರ ತಂಗಿ? ಅಟ್ಟ ಹತ್ತಿ ಜ್ವಾಳ ಕಾಯಾಕ ಕುಂತಂಗ ಆಗ್ಯದ." ಮೀನಲ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಕಸ್ತೂರಬಾಯಿ ಮೇಜಿನ ಅಂಚು ಹಿಡಿದುಕೊಂಡಳು.

"ಮೀನಲ! ವ್ಹೈಟ್ ಸಾಸ್ ಪಾಸ್ತಾ!"

ಯಾರೂ ಏಳಲಿಲ್ಲ.

"ಮೀನಲ ಯಾರ್ರೀ? ಮೀನಲ! ಆರಿ ಹೋಗ್ತದ ಬರ್ರಿ!"

ಅಲ್ಲಲ್ಲಿ ಕೂತವರು ತಲೆ ಎತ್ತಿ ಯಾವ ಹುಡುಗಿ ಏಳುತ್ತಾಳೆಂದು ನೋಡಿದರು. ಅಮರಯ್ಯನವರು ಮೆಲ್ಲಗೆ, "ಏಳು ತಂಗಿ. ಕರೀಲಿಕತ್ಯಾರ," ಎಂದರು. ಕಸ್ತೂರಬಾಯಿ "ಓ" ಎಂದಳು. ಹಿತ್ತಲಿನಿಂದ ಮೀನಲ ಓಗೊಡುತ್ತಿದ್ದ ಹಾಗೆಯೇ, ಸ್ವಲ್ಪ ಎಳೆದು.

ಅವಳು ತಾಟು ತಂದು ಮುಂದಿಟ್ಟ ಮೇಲೆ ಅಮರಯ್ಯನವರು ಎಡ ಅಂಗೈಯಲ್ಲಿ ಲಿಂಗವಿಟ್ಟು, ಪಾಸ್ತಾ ಅದಕ್ಕೆ ತೋರಿಸಿ, ಕಣ್ಣು ಮುಚ್ಚಿದರು. ಪಕ್ಕದ ಮೇಜಿನ ಕಾಲೇಜು ಹುಡುಗಿಯರು ಮೊಬೈಲು ಕೆಳಗಿಟ್ಟರು. ಅಮರಯ್ಯನವರು ಮುಳ್ಳುಚಮಚ ಬದಿಗೆ ಸರಿಸಿ ಕೈಯಿಂದಲೇ ಉಣ್ಣತೊಡಗಿದರು. ಚೀಸಿನ ಎಳೆ ಗಡ್ಡಕ್ಕೆ ಸುತ್ತಿಕೊಂಡಿತು.

"ಶ್ಯಾವಗಿ ಕುಲದ್ದೇ ಅದ ಇದು. ಬೆಲ್ಲ ಹಾಕೋದು ಮರ್ತಾರ, ಅಷ್ಟೆ."

ಮನೆಯಲ್ಲಿ ಅವರದು ಒಂದು ಜೋಳದ ಭಕ್ರಿಯ ಊಟ. ಅರ್ಧ ತಾಟು ಮುಗಿಯುವಷ್ಟರಲ್ಲಿ ಕೈ ನಿಧಾನವಾಯಿತು, ಹಣೆಯ ವಿಭೂತಿಯ ಮೇಲೆ ಬೆವರು ಇಳಿಯಿತು. ಆದರೂ ಒಂದೊಂದೇ ತುಣುಕು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತ, ಕಣ್ಣು ಮುಚ್ಚಿ ನುಂಗುತ್ತಿದ್ದರು.

"ಸಾಕ್ರಿ ಅಯ್ನೋರ, ಬಿಡ್ರಿ. ನಿಮ್ಗ ಆಗವಲ್ದು."

"ಬಿಟ್ರ ಆಕಿಗಿ ಕಮ್ಮಿ ಬೀಳ್ತದ ತಂಗಿ."

ಕಸ್ತೂರಬಾಯಿ ಸೆರಗಿನ ತುದಿ ಬಾಯಿಗಿಟ್ಟುಕೊಂಡು, ಮಗಳು ಉಣ್ಣುವುದನ್ನು ನೋಡುವ ಹಾಗೆ ನೋಡುತ್ತ ಕೂತಳು.

ಕೊನೆಯ ತುಣುಕು ಮುಗಿಯಿತು. ಅಮರಯ್ಯನವರು ತಂಬಿಗೆಯ ನೀರನ್ನು ತಾಟಿಗೆ ಸುರಿದು, ಅಂಟಿದ್ದ ಸಾಸನ್ನೆಲ್ಲ ಬೆರಳಿನಿಂದ ಬಳಿದು ಕಲಸಿ, ಎರಡೂ ಕೈಯಲ್ಲಿ ಎತ್ತಿ ಗಟಗಟನೆ ಕುಡಿದರು. ಪ್ರಸಾದದ ಒಂದು ಕಣವೂ ಚೆಲ್ಲಬಾರದೆಂದು ಭಕ್ತರ ಮನೆಗಳಲ್ಲಿ ಜೀವಮಾನವೆಲ್ಲ ಹಾಗೆಯೇ ಕುಡಿದವರು. ಇನ್ನೊಮ್ಮೆ ನೀರು ಹಾಕಿ, ತೊಳೆದು, ಅದನ್ನೂ ಕುಡಿದರು. ಆಮೇಲೆ ಹೆಗಲ ವಸ್ತ್ರದಿಂದ ತಾಟನ್ನು ಒರೆಸಿ ಕಸ್ತೂರಬಾಯಿಯ ಮುಂದಿಟ್ಟರು.

ಮೇಜು ಒರೆಸುವ ಹೆಣ್ಣುಮಗಳು ಬಟ್ಟೆ ಹಿಡಿದು ಬಂದಳು. ಬೆಳ್ಳಗೆ ಹೊಳೆಯುವ ತಾಟು, ಬಳಸದ ಮುಳ್ಳುಚಮಚ, ಮಡಚಿದ ಹಾಗೇ ಇದ್ದ ಕಾಗದದ ಕರವಸ್ತ್ರ ನೋಡಿ ಅವಳಿಗೆ ಕೆಡುಕೆನಿಸಿತು.

"ಅಯ್ಯ ಕಾಕು, ಎಷ್ಟೊತ್ತಿಂದ ಕುಂತೀರಿ, ನಿಮ್ದು ಇನ್ನಾ ಬಂದಿಲ್ಲೇನ್ರೀ? ಒಳಗ ಹೋಗಿ ಕೇಳ್ಲೇನು?"

ಕಸ್ತೂರಬಾಯಿ ಖಾಲಿ ತಾಟನ್ನು ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟಳು.

"ಬಂದಿತ್ತವ್ವಾ," ಎಂದಳು. "ಆಕಿಗಿ ಮುಟ್ಟಿತು."