ಗಂಡನನ್ನು ಇಳಿಸಿದ ಬಗೆ

ಗಂಡ ಸಾಯುತ್ತಿದ್ದಾನೆ, ಅದು ಅವನಿಗೇ ಗೊತ್ತಿಲ್ಲ. ದರ್ಜಿ ಹೆಂಗಸು ಡೇರೆಯ ಬಾಗಿಲಲ್ಲಿ ಕೂತು ಅವನನ್ನೇ ನೋಡುತ್ತಿದ್ದಳು. ಬಂಡೆಯ ಮರೆಯಲ್ಲಿ ಕ್ಯಾಮೆರಾ ನಿಲ್ಲಿಸುತ್ತಿದ್ದವನು ತಾನೇ ಒಂದು ಕಡೆಗೆ ವಾಲಿದ್ದ. ಜೀವಮಾನವೆಲ್ಲ ಬಟ್ಟೆಯ ಅಂಚು ನೇರ ಮಾಡಿದವಳಿಗೆ ಅಷ್ಟೂ ಕಾಣದೆ ಇರುತ್ತದೆಯೇ?

ಹೊರಡುವ ಮುಂಚೆ ಗೈಡ್ ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದ. "ಮೇಲೆ ಗಾಳಿ ತೆಳು. ಕೆಲವರ ತಲೆಗೆ ಏರುತ್ತೆ. ಓಲಾಡ್ತಾರೆ, ತೊದಲ್ತಾರೆ. ಕೇಳಿದ್ರೆ ನನಗೇನೂ ಆಗಿಲ್ಲ ಅಂತಾರೆ. ಅದಕ್ಕೆ ಮದ್ದು ಒಂದೇ, ಇಳಿಯೋದು. ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಿ." ಉಳಿದವರು ತಲೆಯಾಡಿಸಿ ಮರೆತರು. ಅವಳು ಮರೆತಿರಲಿಲ್ಲ.

ಉಳಿದವರು ಅಂದರೆ ಅವಳ ಗಂಡ ಮತ್ತು ಒಬ್ಬಳು ಟೀಚರಮ್ಮ, ಅಷ್ಟೇ. ಗಂಡನದು ಫೋಟೋ ಸ್ಟುಡಿಯೋ. ಮದುಮಕ್ಕಳ ಮುಖ, ಪಾಸ್‌ಪೋರ್ಟಿನ ಮುಖ ತೆಗೆದೂ ತೆಗೆದೂ ಬೇಸತ್ತವನಿಗೆ ಸಾಯುವುದರೊಳಗೆ ಒಂದು ಹಿಮಚಿರತೆ ತೆಗೆಯಬೇಕೆಂಬ ಹುಚ್ಚು. ಮಧ್ಯಾಹ್ನ ಗೈಡ್ ಕಣಿವೆಯಲ್ಲಿ ಚಿರತೆ ಅರ್ಧ ತಿಂದು ಬಿಟ್ಟುಹೋದ ಕಾಡುಕುರಿ ತೋರಿಸಿ, "ಉಳಿದದ್ದು ತಿನ್ನೋಕೆ ಬೆಳಗ್ಗೆ ಬಂದೇ ಬರುತ್ತೆ" ಅಂದಿದ್ದ. ಅಲ್ಲಿಂದ ಗಂಡನಿಗೆ ಕಿವಿಯೇ ಇಲ್ಲ.

"ರೀ, ತಲೆನೋವಾ?"

"ಇಲ್ಲ ಮಾರಾಯ್ತಿ. ಎಷ್ಟು ಸಲ ಕೇಳ್ತೀಯ?"

ಅವಳು ಕೇಳಿದ್ದು ಒಂದೇ ಸಲ.

ಅವನು ಬಂದು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಅವಳು ಲೋಟ ಹಿಡಿದೇ ಇದ್ದಳು. ಚಹಾ ಪಕ್ಕದಲ್ಲಿ ಅವನ ಬೂಟಿನ ಮೇಲೆ ಬಿತ್ತು. "ನೆಟ್ಟಗೆ ಹಿಡಿಯೇ" ಎಂದು ನಕ್ಕ. ಚೆಲ್ಲಿದವನು ತಾನು, ಬೈಗುಳ ಇವಳಿಗೆ. ಆ ಮಾತೂ ಬಾವಿಯೊಳಗಿಂದ ಬಂದಂತಿತ್ತು, ಅರ್ಧ ನುಂಗಿ ಅರ್ಧ ಆಡುತ್ತಿದ್ದ.

"ಟೀಚರ್, ನಮ್ಮೋರು ಹೇಗೆ ಓಲಾಡ್ತಿದ್ದಾರೆ ನೋಡಿ."

ಟೀಚರಮ್ಮ ಅವನನ್ನು ನೋಡಿದಳು, ಇವಳನ್ನು ನೋಡಿದಳು. "ಚೆನ್ನಾಗೇ ಇದ್ದಾರಲ್ಲಮ್ಮ. ಸುಸ್ತಾಗಿದೆ ನಿಮಗೆ, ಸ್ವಲ್ಪ ಮಲಗಿ." ಇಷ್ಟು ಓದಿ ಏನು ಬಂತು ಅಂದುಕೊಂಡಳು ಅವಳು.

"ಇಳಿದುಬಿಡಿ ರೀ. ನಿಮಗೆ ತಲೆಗೇರಿದೆ."

"ನನಗೇನೂ ಆಗಿಲ್ಲ ಕಣೇ. ಬೆಳಗ್ಗೆ ಒಂದೇ ಒಂದು ಫೋಟೋ. ಆಮೇಲೆ ನೀನು ಹೇಳಿದ ಹಾಗೆ."

ಗೈಡ್ ಹೇಳಿದ ಮಾತೇ, ಒಂದಕ್ಷರ ಆಚೀಚೆ ಇಲ್ಲ. ಬೆಳಗಿನವರೆಗೆ ಇವನು ಉಳಿಯಬೇಕಲ್ಲ! ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಒಬ್ಬಳೇ ಹೋಗಿ ಮನೆಯ ಬೀಗ ತೆಗೆಯುವುದನ್ನು ನೆನೆದಳು. ಅಳು ಉಕ್ಕಿ ಬಂತು. ಅವನಿಲ್ಲದ ಮನೆ ಅವಳಿಗೆ ಬೇಡವೇ ಬೇಡ.

ಆಗ ಉಪಾಯ ಹೊಳೆಯಿತು. ತನ್ನ ಜ್ವರಕ್ಕೆ ಕ್ಯಾರೇ ಅನ್ನದ ಈ ಪುಣ್ಯಾತ್ಮ, ಇವಳು ಸೀನಿದರೆ ಸಾಕು ಸ್ಟುಡಿಯೋ ಮುಚ್ಚಿ ಓಡಿಬರುತ್ತಿದ್ದ.

ಕೋಟಿನ ಗುಂಡಿ ಹಾಕಿಕೊಳ್ಳಲು ಹೋದಳು. ಕಾಜಾ ಸಿಗಲೇ ಇಲ್ಲ. ಚಳಿಗೆ ಬೆರಳು ಮರಗಟ್ಟಿದ್ದವು. ಹಾಳಾದ ನೆಲ, ಒಂದು ಹೆಜ್ಜೆಗೆ ಏರು, ಒಂದು ಹೆಜ್ಜೆಗೆ ಇಳಿಜಾರು. ಡೇರೆಯ ಹಗ್ಗ ಹಿಡಿದು ಹಿಡಿದು ಒಲೆಯ ಹತ್ತಿರ ಕೂತಿದ್ದ ಗೈಡ್ ಬಳಿಗೆ ಬಂದಳು.

"ತಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ. ನಮ್ಮೋರ ತಲೆಗೇರಿದೆ, ಇಳಿಯಲ್ಲ ಅಂತಾರೆ. ಹುಷಾರಿಲ್ಲದ್ದು ನನಗೆ ಅಂತ ಹೇಳು. ನನಗೋಸ್ಕರ ಇಳೀತಾರೆ. ನಾನು ನಟಿಸ್ತೀನಿ."

ಗೈಡ್ ಒಲೆ ಆರಿಸಿದ. ಅವಳ ಮುಖವನ್ನೇ ನೋಡಿದ. "ಬರುತ್ತಾ ನಟಿಸೋಕೆ?"

"ಶಾಲೆಯ ನಾಟಕದಲ್ಲಿ ಬಹುಮಾನ ತಗೊಂಡವಳು ನಾನು."

ಅವನು ನೆಲದ ಮೇಲೆ ಒಂದು ಹಗ್ಗ ಹಾಸಿದ. "ಇದರ ಮೇಲೆ ನಡೆದು ತೋರಿಸಿ ಅಕ್ಕ."

ಅವಳು ಓಲಾಡಿದಳು. ಎಷ್ಟು ಚೆನ್ನಾಗಿ ಓಲಾಡಿದಳೆಂದರೆ, ಬಿದ್ದೇಬಿಟ್ಟಳು. ಗೈಡ್ ಓಡಿಬಂದು ಎತ್ತಿದ. "ಸಾಕು ಅಕ್ಕ. ಹೀಗೇ ಇರಿ. ಕೆಳಗೆ ಮುಟ್ಟೋ ತನಕ ಬಿಡಬೇಡಿ."

ಅವನು ಗಂಡನ ಕಿವಿಯಲ್ಲಿ ಏನು ಹೇಳಿದನೋ, ಗಂಡನ ಮುಖ ಬಿಳಿಚಿಹೋಯಿತು. ಬಿದ್ದಂಬೀಳ ಓಡಿಬಂದ.

"ಕ್ಯಾಮೆರಾ ರೀ?" ಅವಳಿಗೆ ತಡೆಯಲಾಗಲಿಲ್ಲ.

"ಹಾಳಾಗಿ ಹೋಗ್ಲಿ."

ಇಳಿದರು. ಟೀಚರಮ್ಮ ಚೀಲ ಹೊತ್ತಳು. ಒಂದು ಹೆಗಲು ಗೈಡನದು, ಒಂದು ಹೆಗಲು ಗಂಡನದು. ರೋಗಿಯ ಮೇಲೆ ತನ್ನ ಭಾರ ಹಾಕಬಾರದೆಂದು ಅವಳು ಎಷ್ಟು ಒದ್ದಾಡಿದರೂ ಕಾಲು ಕುಸಿಯುತ್ತಿತ್ತು. "ನೋಡಿ ಹೆಜ್ಜೆ ಇಡಿ ರೀ" ಅಂದಳು. ಅವನು ಬಿಕ್ಕಿ ಬಿಕ್ಕಿ ಅತ್ತ. ಕಡಿದಾದ ಕಡೆ ಅವಳನ್ನು ಬೆನ್ನ ಮೇಲೆ ಹೊತ್ತೇಬಿಟ್ಟ. ಬೇಡ ಬೇಡವೆಂದು ಅವಳು ಬೆನ್ನಿಗೆ ಗುದ್ದಿದಳು. ಈಗ ಇವನ ಉಸಿರು ನಿಲ್ಲುತ್ತದೆ, ಇಗೋ ಈಗ ಬೀಳುತ್ತಾನೆ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ತಾನು ಹೂಡಿದ ಆಟವೇ ಇವನನ್ನು ತಿಂದುಬಿಟ್ಟರೆ?

ಆದರೆ ಇಳಿದಷ್ಟೂ ಅವನು ನೆಟ್ಟಗಾಗುತ್ತ ಬಂದ. ಮಾತು ಬಿಡಿಬಿಡಿಯಾಗಿ ಕೇಳತೊಡಗಿತು. ಕುರಿಗಾಹಿಗಳ ಹಟ್ಟಿ ಕಾಣುವ ಹೊತ್ತಿಗೆ ಅವನ ಮುಖ ಮೊದಲಿನ ಹಾಗೇ ಇತ್ತು. ಗೆದ್ದೆ ಅಂದುಕೊಂಡಳು ಅವಳು. ಆ ಸುಖಕ್ಕೆ ಕಣ್ಣು ಮುಚ್ಚಿಬಂತು.

ಹಟ್ಟಿಯ ಆಸ್ಪತ್ರೆ ಅಂದರೆ ಒಂದು ಕೋಣೆ, ಒಂದು ಮಂಚ, ಒಬ್ಬಳು ನರ್ಸ್. ದರ್ಜಿ ಹೆಂಗಸನ್ನೇ ಮಂಚದ ಮೇಲೆ ಮಲಗಿಸಿ, ಅವಳ ಮುಖಕ್ಕೇ ಆಮ್ಲಜನಕದ ಮುಖವಾಡ ಹಾಕಿದರು. ಗೈಡ್ ಇನ್ನೂ ಆಟ ನಿಲ್ಲಿಸಿರಲಿಲ್ಲ. "ಸಾಕು ತಮ್ಮಾ, ಇದನ್ನ ಅವರಿಗೆ ಹಾಕಿಸು" ಎಂದು ಕಿತ್ತುಹಾಕಲು ಹೋದಳು. ಗಂಡ ಅವಳ ಎರಡೂ ಕೈ ಹಿಡಿದುಕೊಂಡ. ಗಟ್ಟಿಯಾದ, ಬೆಚ್ಚನೆಯ ಕೈ. ಅದರೊಳಗೆ ನಡುಗುತ್ತಿದ್ದದ್ದು ಅವಳದು.

ನರ್ಸ್ ಅವಳ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ಗೈಡ್ ಕಡೆ ತಿರುಗಿದಳು. "ಮೇಲೇ ಇದ್ದಿದ್ರೆ ಬೆಳಗಾಗೋದರೊಳಗೆ ಹೋಗಿಬಿಡ್ತಿದ್ರು. ತಲೆಗೇರಿದೋರು ಇಳಿಯೋಕೆ ಒಪ್ಪೋದೇ ಇಲ್ಲ. ಇವರನ್ನ ಹೇಗೆ ಒಪ್ಪಿಸಿದೆ?"

"ನಾನೆಲ್ಲಿ ಒಪ್ಪಿಸಿದೆ ಸಿಸ್ಟರ್? ಹುಷಾರಿಲ್ಲದ ಹಾಗೆ ನಟಿಸ್ತೀನಿ ಅಂತ ಅವರೇ ಬಂದ್ರು. ನಟಿಸಿ ಅಂದೆ."